ಎರಡನೇ ಕೊಡದ ನೀರು

ಹುಡುಗಿ ಮರವಾಗುವುದು ಸುಲಭ. ಆ ಮರ ಮತ್ತೆ ಹುಡುಗಿಯಾಗಬೇಕಲ್ಲ... ಕಷ್ಟ ಇರುವುದು ಅಲ್ಲಿ! ಕೊಟ್ಟಿಗೆಹಾರದ ಒಬ್ಬ ನಾಟಕ ವಿದ್ಯಾರ್ಥಿನಿಯ ಟ್ರಂಕಿನೊಳಗೆ ಒಂದು ಇಣುಕುನೋಟ.

ಚಾರ್ಮಾಡಿ ಘಾಟಿ ಹತ್ತಿ ಬಂದ ಬಸ್ಸುಗಳು ಉಸ್ಸಪ್ಪಾ ಎಂದು ನಿಲ್ಲುವ ಊರು ಕೊಟ್ಟಿಗೆಹಾರ. ಒಂದು ದಾರಿ ಮೂಡಿಗೆರೆಗೆ, ಒಂದು ಕಳಸ-ಹೊರನಾಡಿಗೆ, ಇನ್ನೊಂದು ಘಾಟಿ ಇಳಿದು ಉಜಿರೆ-ಧರ್ಮಸ್ಥಳಕ್ಕೆ. ಬಸ್ಸು ಬದಲಿಸುವವರು, ನೀರುದೋಸೆ ತಿನ್ನುವವರು, ಮಂಜಿನಲ್ಲಿ ಫೋಟೋ ಹೊಡೆಸಿಕೊಳ್ಳುವವರು... ಇಲ್ಲಿ ಇಳಿಯದೆ ಹೋಗುವವರು ಕಡಿಮೆ. ಇಲ್ಲೇ ಮನೆ ಇರುವವರನ್ನು ಮಾತ್ರ ಯಾರೂ ಗಮನಿಸುವುದಿಲ್ಲ!

ನಾನು ಗಮನಿಸಿದ್ದು ಒಂದು ಟ್ರಂಕಿನ ದೆಸೆಯಿಂದ.

ಮೂಡಿಗೆರೆಯಲ್ಲಿ ಬಸ್ಸು ಹತ್ತಿದ ಹುಡುಗಿ. ವಯಸ್ಸು ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಹೆಗಲಿಗೆ ಬ್ಯಾಗು, ಕೈಯಲ್ಲಿ ಹಳೇ ಕಾಲದ ತಗಡಿನ ಟ್ರಂಕು. ಕಂಡಕ್ಟರ್ ಅದನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

“ಇದರಲ್ಲಿ ಎಂತದಮ್ಮ?”

“ಒಬ್ಬಳು ಹುಡುಗಿ, ಒಬ್ಬ ರಾಜಕುಮಾರ, ಒಂದು ಮರ.”

ಕಂಡಕ್ಟರ್ ಸೋಲುವ ಪೈಕಿ ಅಲ್ಲ. “ಹುಡುಗಿಗೆ ಫ್ರೀ. ರಾಜಕುಮಾರನಿಗೆ ಟಿಕೆಟ್. ಮರಕ್ಕೆ ಲಗೇಜು!”

ಬಸ್ಸಿಗೆ ಬಸ್ಸೇ ನಕ್ಕಿತು. ಆಕೆ ಲಗೇಜು ಕೊಟ್ಟು ಕೊಟ್ಟಿಗೆಹಾರದಲ್ಲಿ ಇಳಿದಳು. ನನ್ನ ಟಿಕೆಟ್ ಕಳಸದವರೆಗೆ ಇತ್ತು. ಆದರೂ ನಾನೂ ಇಳಿದೆ. ಕಥೆಯ ವಾಸನೆ ಬಡಿದ ಮೇಲೆ ಟಿಕೆಟಿನ ಮುಖ ನೋಡಬಾರದು.

ನೀರುದೋಸೆಯ ಮುಂದೆ ಕೂತು ಮಾತಿಗೆ ಎಳೆದೆ. ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ನಾಟಕ ಶಿಕ್ಷಣ ಮುಗಿಸಿದ ಹುಡುಗಿ. ಊರು ಇದೇ. ಮನೆ ಹತ್ತಿರದ ಕಾಫಿ ತೋಟದ ಲೈನಿನಲ್ಲಿ. ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ. ಅಪ್ಪ ಒಂದು ಕಾಲದಲ್ಲಿ ಮರಗಸಿ ಮಾಡುವವರಲ್ಲಿ ಹೆಸರುವಾಸಿ.

“ಹೆಸರು ಹಾಕಬೇಡಿ ಸರ್,” ಎಂದಳು. “ಹೆಸರು ಹಾಕೋವಷ್ಟು ಇನ್ನೂ ಏನೂ ಮಾಡಿಲ್ಲ.”

ಹೀಗೆ ಹೇಳುವವರು ನಮ್ಮ ಗಾಂಧಿನಗರದಲ್ಲಿ ಎಷ್ಟು ಜನ ಸಿಕ್ಕಾರು, ನೀವೇ ಹೇಳಿ!

ಅಜ್ಜಿ ಕೊಟ್ಟ ಕಥೆ

ಟ್ರಂಕಿನಲ್ಲಿದ್ದದ್ದು ಅಜ್ಜಿಯ ಕಥೆ. ಓದುಗರಲ್ಲಿ ಎಷ್ಟೋ ಮಂದಿ ತಮ್ಮ ತಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು.

ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳಿಗೆ ಮರವಾಗುವ ವಿದ್ಯೆ ಗೊತ್ತು. ಅಕ್ಕ ಉಗುರು ತಾಗಿಸದೆ ಎರಡು ಕೊಡ ನೀರು ತರಬೇಕು. ಮೊದಲನೇ ಕೊಡ ಸುರಿದರೆ ತಂಗಿ ಹೂವಿನ ಮರವಾಗುತ್ತಾಳೆ. ಎಲೆ ಹರಿಯದೆ, ಚಿಗುರು ಮುರಿಯದೆ ಹೂ ಬಿಡಿಸಿಕೊಳ್ಳಬೇಕು. ಎರಡನೇ ಕೊಡ ಸುರಿದರೆ ಮರ ಮತ್ತೆ ತಂಗಿ. ಹೂ ಅರಮನೆಗೆ ಹೋಗುತ್ತದೆ, ಮನೆಗೆ ನಾಲ್ಕು ಕಾಸು ಬರುತ್ತದೆ.

ರಾಜಕುಮಾರ ಇದನ್ನು ಮರೆಯಲ್ಲಿ ನಿಂತು ನೋಡಿ ಅವಳನ್ನೇ ಮದುವೆಯಾಗುತ್ತಾನೆ. ಅಲ್ಲಿಂದ ಗ್ರಹಚಾರ ಶುರು. ನಾದಿನಿಗೆ ಗುಟ್ಟು ತಿಳಿದು, ಗೆಳತಿಯರ ಜೊತೆ ತೋಟಕ್ಕೆ ಕರೆದೊಯ್ದು ಬಲವಂತದಿಂದ ಮರ ಮಾಡಿಸುತ್ತಾಳೆ. ಹುಡುಗಿಯರು ಕೊಂಬೆ ಮುರಿದು ಹೂ ಕೀಳುತ್ತಾರೆ, ಎರಡನೇ ಕೊಡವನ್ನು ಹೇಗೆಂದರೆ ಹಾಗೆ ಸುರಿದು ಓಡಿಹೋಗುತ್ತಾರೆ. ಉಳಿದದ್ದು ಕೈ ಇಲ್ಲದ, ಕಾಲು ಇಲ್ಲದ ಅರ್ಧ ದೇಹ. ಕೊನೆಗೆ ದೇಶಾಂತರ ಅಲೆದ ಗಂಡ ಅವಳನ್ನು ಕಂಡು, ಮುರಿದದ್ದನ್ನು ಜೋಡಿಸಿ, ನೀರು ಸುರಿದು ಮತ್ತೆ ಮನುಷ್ಯಳನ್ನಾಗಿ ಮಾಡುತ್ತಾನೆ.

ಅಡುಗೆಮನೆಯಲ್ಲಿ ಹುಟ್ಟಿದ ಈ ಕಥೆ ಎಲ್ಲೆಲ್ಲಿಗೆ ಹೋಗಿದೆ ಗೊತ್ತೇ? ಮೈಸೂರಿನ ಎ.ಕೆ. ರಾಮಾನುಜನ್ ಕನ್ನಡದ ಹೆಣ್ಣುಮಕ್ಕಳು ಹೇಳುತ್ತಿದ್ದ ಈ ಕಥೆಯನ್ನು ಇಂಗ್ಲಿಷಿಗೆ ತಂದರು. 1993ರಲ್ಲಿ ಅವರು ತೀರಿಕೊಂಡ ಮೇಲೆ, 1997ರಲ್ಲಿ ಬಂದ ಅವರ ಜಾನಪದ ಕಥೆಗಳ ಪುಸ್ತಕಕ್ಕೆ ಇದರದೇ ಹೆಸರು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದನ್ನು ಆಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ಅದರಲ್ಲಿ ಕುಣಿದವರು ಜಾವಾದ ನೃತ್ಯಗಾರರು, ಮೇಳದವರು ಹಾಡಿದ್ದು ಸ್ಪ್ಯಾನಿಷ್ ಭಾಷೆಯಲ್ಲಿ!

“ವಿಯೆನ್ನಾಗೆ ಹೋಯ್ತು, ಸರಿ. ನಮ್ಮ ಲೈನಿನ ಮಕ್ಕಳಿಗೆ ಗೊತ್ತಿಲ್ಲ,” ಎಂದಳು ಹುಡುಗಿ. “ಅಜ್ಜಿ ಹೇಳಕ್ಕೆ ಕೂತ್ರೆ ಮಕ್ಕಳು ಮೊಬೈಲ್ ಹಿಡ್ಕೊಂಡು ಆಚೆ ಹೋಗ್ತವೆ.”

ಕ್ಯಾಮೆರಾಕ್ಕೆ ಒಂದು ಕಟ್ ಸಾಕು

ಸಿನಿಮಾ ಪತ್ರಿಕೆಗೂ ಅಜ್ಜಿಕಥೆಗೂ ಏನು ಸಂಬಂಧ ಅಂತ ಕೇಳುವವರಿಗೆ ಒಂದು ಮಾತು. ಇದೇ ಕಥೆಯನ್ನು ಗಿರೀಶ್ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ನಾಯಕಿ ಸೋನಾಲಿ ಕುಲಕರ್ಣಿ. ಪರಿಸರ ಕುರಿತ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ರಾಮಾನುಜನ್ ಹೇಳಿದ ಜಾನಪದ ಕಥೆಗಳಿಂದಲೇ ಕಾರ್ನಾಡರು 1988ರಲ್ಲಿ ‘ನಾಗಮಂಡಲ’ ನಾಟಕ ಬರೆದರು. ಟಿ.ಎಸ್. ನಾಗಾಭರಣರ ಕೈಯಲ್ಲಿ ಅದು 1997ರಲ್ಲಿ ಸಿನಿಮಾ ಆಯಿತು. ಪ್ರಕಾಶ್ ರೈ ಗಂಡನೂ ಆಗಿ ನಾಗಪ್ಪನೂ ಆಗಿ ತೆರೆ ತುಂಬಿದ್ದನ್ನು ಮರೆತವರುಂಟೆ?

ಸಿನಿಮಾದಲ್ಲಿ ಹಾವು ಮನುಷ್ಯನಾಗಬೇಕು ಅಂದರೆ ಕ್ಯಾಮೆರಾಕ್ಕೆ ಒಂದು ಕಟ್ ಸಾಕು. ಇತ್ತ ಹಾವು, ಅತ್ತ ಹೀರೋ. ನಾಟಕದವರು ಏನು ಮಾಡಬೇಕು? ಮುಂದೆ ಜನ ಕೂತಿದ್ದಾರೆ, ಕಣ್ಣು ಮುಚ್ಚಿ ಅನ್ನುವ ಹಾಗಿಲ್ಲ.

ನಮ್ಮ ಕಂಪನಿ ನಾಟಕಗಳವರಿಗೆ ಈ ಪೇಚು ಚೆನ್ನಾಗಿ ಗೊತ್ತಿತ್ತು. ಅರಮನೆ ಪರದೆ, ಕಾಡು ಪರದೆ, ಬೀದಿ ಪರದೆ ಅಂತ ಬರೆಸಿ ಇಟ್ಟುಕೊಂಡು ಕ್ಷಣದಲ್ಲಿ ಸೀನು ಬದಲಿಸುತ್ತಿದ್ದರು. ಗುಬ್ಬಿ ವೀರಣ್ಣನವರಂತೂ ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆಯನ್ನೇ ರಂಗದ ಮೇಲೆ ತಂದರು. ಇದಕ್ಕೆ ತದ್ವಿರುದ್ಧ ನಮ್ಮ ಯಕ್ಷಗಾನ. ಅಲ್ಲಿ ಸೆಟ್ಟೂ ಇಲ್ಲ, ಸೀನರಿಯೂ ಇಲ್ಲ. ಒಂದು ಪೀಠ, ಅದಕ್ಕೇ ರಥ ಅನ್ನುತ್ತಾರೆ. ಅದೇ ಸಿಂಹಾಸನ, ಅದೇ ಬೆಟ್ಟ. ಇಬ್ಬರು ಹಿಡಿದುಕೊಂಡ ಅರ್ಧ ತೆರೆ. ಮುಗಿಯಿತು. ಆ ಅರ್ಧ ತೆರೆಯನ್ನೇ ಕಾರ್ನಾಡರು 1971ರ ‘ಹಯವದನ’ದಲ್ಲಿ ಬಳಸಿಕೊಂಡರು. ಅದರಲ್ಲಿ ಮಾತಾಡುವ ಎರಡು ಗೊಂಬೆಗಳೂ ಇವೆ. ಹೆಂಡತಿಯ ಮನಸ್ಸಿನಲ್ಲಿ ಇರುವುದನ್ನು ಗಂಡನಿಗಿಂತ ಮೊದಲು ಆ ಗೊಂಬೆಗಳು ತಿಳಿದುಕೊಂಡು ಬಾಯಿ ಬಿಡುತ್ತವೆ!

“ಅದು ಓದಿದಾಗಲೇ ನಂಗೆ ತಲೆಗೆ ಬಂದಿದ್ದು, ಗೊಂಬೆ ಅಂದ್ರೆ ಮಕ್ಕಳ ಆಟ ಅಲ್ಲ ಅಂತ,” ಅಂದಳು.

ಮೂರು ಸಲ ಸೋತ ಮರ

ಹೆಗ್ಗೋಡಿನ ವಿಚಾರ ನಮ್ಮ ಓದುಗರಿಗೆ ಹೊಸದಲ್ಲ. 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಕನಸು. 1973ರಲ್ಲಿ ಅಲ್ಲಿ ಚಿತ್ರಸಮಾಜ ಶುರುವಾಗಿ ಅಡಿಕೆ ಸುಲಿಯುವ ಕೈಗಳು ಪ್ರಪಂಚದ ದೊಡ್ಡ ದೊಡ್ಡ ಸಿನಿಮಾಗಳಿಗೆ ಚಪ್ಪಾಳೆ ತಟ್ಟಿದವು. 1980ರಲ್ಲಿ ನಾಟಕ ಶಾಲೆ, 1985ರಲ್ಲಿ ಊರೂರು ಸುತ್ತುವ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಅಲ್ಲಿ ನಟನೆ ಕಲಿಯಲು ಹೋದವರು ಸುತ್ತಿಗೆ ಹಿಡಿಯುವುದನ್ನೂ ಕಲಿಯಬೇಕು, ಲೈಟು ಕಟ್ಟುವುದನ್ನೂ ಕಲಿಯಬೇಕು.

ಹುಡುಗಿಗೆ ಹುಚ್ಚು ಹಿಡಿದದ್ದು ಅಲ್ಲೇ. ಅಜ್ಜಿಯ ಹೂವಿನ ಮರವನ್ನು ರಂಗದ ಮೇಲೆ ನಿಲ್ಲಿಸಬೇಕು!

ಮೊದಲು ಬಟ್ಟೆಯ ಮೇಲೆ ಮರ ಬರೆದು ಪರದೆ ಮಾಡಿದಳು. ಚೆಂದ ಕಂಡಿತು. ಆದರೆ ಹುಡುಗಿ ಒಂದು ಕಡೆ, ಮರ ಒಂದು ಕಡೆ. ಎರಡೂ ಒಂದೇ ಅನ್ನಿಸಲಿಲ್ಲ. ಆಮೇಲೆ ಹಸಿರು ಸೀರೆಗಳನ್ನು ತಲೆಯ ಮೇಲಿಂದ ಇಳಿಬಿಟ್ಟು ತಾನೇ ಮರವಾದಳು. ಸೆರಗು ಕಾಲಿಗೆ ಸಿಕ್ಕಿ ಮರವೇ ಮಗುಚಿ ಬಿತ್ತು! ಮೂರನೆಯದು ನೆರಳಿನಾಟ. ಬಿಳಿ ಬಟ್ಟೆಯ ಹಿಂದೆ ದೀಪ, ತೊಗಲುಗೊಂಬೆಯ ಮಾದರಿ. ನಿಜವಾದ ತೊಗಲುಗೊಂಬೆಯವರಲ್ಲಿ ಚರ್ಮಕ್ಕೆ ಹಚ್ಚಿದ ಬಣ್ಣ ದೀಪದ ಬೆಳಕಿನಲ್ಲಿ ಹೊಳೆಯುತ್ತದೆ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ಇದನ್ನೇ ಜೀವಮಾನವೆಲ್ಲ ಆಡಿಸಿ 2025ರಲ್ಲಿ ಪದ್ಮಶ್ರೀ ಪಡೆದರು. ಈಕೆಯ ಹತ್ತಿರ ಇದ್ದದ್ದು ಬರೀ ರಟ್ಟು. ರಟ್ಟಿನ ಮರದಲ್ಲಿ ಹೂವೂ ಕಪ್ಪು!

“ಅದಲ್ಲದೆ ಸರ್, ಬಯಲುಸೀಮೆಯಲ್ಲಿ ಮಳೆ ಬರಲಿ ಅಂತ ತೊಗಲುಗೊಂಬೆ ಆಡಿಸ್ತಾರಂತೆ. ನಮ್ಮ ಕೊಟ್ಟಿಗೆಹಾರದಲ್ಲಿ ಅದನ್ನ ಆಡಿಸಿದ್ರೆ ಜನ ಬೆನ್ನಟ್ಟಿ ಹೊಡೀತಾರೆ!”

ಮೂರೂ ಸಲ ಜೊತೆಯ ಹುಡುಗನೊಬ್ಬ ಒಂದೇ ಪ್ರಶ್ನೆ ಕೇಳಿದನಂತೆ. ಮೊದಲನೇ ಕೊಡ ಸರಿ, ಎರಡನೇ ಕೊಡ ಸುರಿದಾಗ ಏನು ಮಾಡ್ತೀಯ?

“ಅವನ ಮೇಲೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದ್ರೆ, ಕಥೆ ಇರೋದೇ ಅಲ್ಲಿ. ಮರ ಆಗೋದು ಟ್ರಿಕ್ಕು. ವಾಪಸ್ ಬರಬೇಕು ಅಂದ್ರೆ ಸುತ್ತ ಇರೋರು ಜೋಪಾನ ಮಾಡಬೇಕು. ಒಬ್ಬರು ಒರಟಾದ್ರೂ ಅವಳು ಅರ್ಧ.”

ಉಪ್ಪಿನಕುದ್ರುವಿನ ದಾರ

ಉತ್ತರ ಸಿಕ್ಕಿದ್ದು ಘಾಟಿಯ ಕೆಳಗೆ. ಕುಂದಾಪುರದ ಹತ್ತಿರ ಉಪ್ಪಿನಕುದ್ರು. ಯಕ್ಷಗಾನದ ವೇಷವನ್ನೇ ಮರದ ಗೊಂಬೆಗೆ ತೊಡಿಸಿ, ತಲೆ ಕೈ ಕಾಲಿಗೆ ದಾರ ಕಟ್ಟಿ, ಭಾಗವತಿಕೆಗೆ ಸರಿಯಾಗಿ ಕುಣಿಸುವ ಕಾಮತರ ಮನೆತನ. ಕೊಗ್ಗ ಕಾಮತರಿಗೆ 1980ರ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಅದನ್ನು ಮುಂದುವರಿಸಿದರು. ಅತ್ತ ಕಾಸರಗೋಡಿನಲ್ಲಿ ಕೆ.ವಿ. ರಮೇಶ್ ಅವರ ತಂಡ ತೆಂಕುತಿಟ್ಟಿನ ಗೊಂಬೆ ಆಡಿಸುತ್ತದೆ.

ಹುಡುಗಿ ಉಪ್ಪಿನಕುದ್ರು ತಂಡದ ಒಂದು ಆಟ ನೋಡಿದಳು. ಎಲ್ಲರೂ ಗೊಂಬೆ ನೋಡುತ್ತಿದ್ದರೆ ಈಕೆ ನೋಡಿದ್ದು ದಾರವನ್ನು. “ಆ ದಾರ ಇನ್ನೊಬ್ಬರ ಕೈಗೆ ಹೋದ್ರೆ?” ಅಂತ ಹೊಳೆಯಿತಂತೆ.

ಮನೆಗೆ ಬಂದು ಅಪ್ಪನಿಗೆ ಹೇಳಿದಳು. ನಾಲ್ಕು ವರ್ಷದ ಕೆಳಗೆ ಮರಗಸಿಗೆ ಹತ್ತಿದ್ದಾಗ ಮರದಿಂದ ಬಿದ್ದವರು ಅವರು. ಬಲಗಾಲು ಮಡಚಲು ಬರುವುದಿಲ್ಲ. ಕತ್ತಿ ಹಿಡಿದ ಕೈ ಮಾತ್ರ ಹಾಗೇ ಇದೆ. ಹಾಲುವಾಣದ ಕೊಂಬೆ ತರಿಸಿ, ಹಗುರ ಮರ ಅಂತ ಅದನ್ನೇ ಆರಿಸಿ, ಒಂದೂವರೆ ಅಡಿಯ ಗೊಂಬೆ ಕೆತ್ತಿದರು. ಕಥೆ ಕೇಳಿ ಅವರು ಹೇಳಿದ ಮಾತು ಕೇಳಿ:

“ಆ ನಾದಿನಿ ಕಡೆಯವರಿಗೆ ಮರಗಸಿ ಗೊತ್ತಿರಲಿಲ್ಲ ಅಷ್ಟೆ. ಕೊಂಬೆ ಕಡಿಯೋನು ಮೊದ್ಲು ಅಡಿಯಿಂದ ಒಂದು ಕಚ್ಚು ಹಾಕ್ಬೇಕು. ಇಲ್ಲಾಂದ್ರೆ ಸಿಪ್ಪೆ ಸಮೇತ ಸಿಗಿದು ಬರುತ್ತೆ. ಮರಕ್ಕೆ ಆ ಗಾಯ ವಾಸಿಯಾಗೋದೇ ಇಲ್ಲ.”

ಅಮ್ಮನ ಪ್ರಶ್ನೆ ಬೇರೆ. “ಗೊಂಬೆ ಅಕ್ಕಿ ತರುತ್ತಾ?”

ಅಕ್ಕಿಯ ದಾರಿಯೂ ತೆರೆದಿತ್ತು ಅನ್ನಿ. ಬೆಂಗಳೂರಿನ ಒಂದು ಚಿತ್ರತಂಡದ ಕಲಾ ವಿಭಾಗಕ್ಕೆ ಸಹಾಯಕಿ ಬೇಕೆಂದು ಕರೆ ಬಂದಿತ್ತು. ಸೋಮವಾರ ಬೆಳಿಗ್ಗೆ ಹಾಜರಾಗಬೇಕು. ತಪ್ಪಿದರೆ ಬೇರೆಯವರು. ರಂಗಭೂಮಿಯಲ್ಲಿ ಸುತ್ತಿಗೆ ಹಿಡಿದ ಶಶಿಧರ ಅಡಪ, ಅರುಣ್ ಸಾಗರ್ ಅಂಥವರು ಚಿತ್ರರಂಗದಲ್ಲಿ ಕಲಾ ನಿರ್ದೇಶಕರಾಗಿ ಹೆಸರು ಮಾಡಿದ ದಾರಿ ಅದು. ಹೋಗುವ ಮುಂಚೆ ಭಾನುವಾರ ಸಂಜೆ ಲೈನಿನಲ್ಲಿ ಒಂದೇ ಒಂದು ಆಟ. ಅದೇ ರಾತ್ರಿ ಬಸ್ಸು.

“ಬನ್ನಿ ಸರ್,” ಅಂದಳು. ಹೋಗದೆ ಇರುತ್ತೇನೆಯೆ?

ಹದಿನೆಂಟು ದಾರ, ಹದಿನೆಂಟು ಮಕ್ಕಳು

ಹೂಮಳೆ ಬಿದ್ದು ವಾರ ಕಳೆದಿತ್ತು. ತೋಟವೆಲ್ಲ ಬೆಳ್ಳಗೆ ಕಾಫಿ ಹೂ. ಮಲ್ಲಿಗೆಯಂಥ ವಾಸನೆ. ಆದರೆ ಯಾರೂ ಒಂದು ಹೂ ಮುಟ್ಟುವಂತಿಲ್ಲ. ಹೂ ಕಿತ್ತರೆ ಬೀಜ ಕಿತ್ತ ಹಾಗೆ! ಆದ್ದರಿಂದ ನಾಟಕದ ಹೂ ಕಾಗದದ್ದು. ರೈಟರು ದೊಡ್ಡ ಮನಸ್ಸು ಮಾಡಿ ಕಾಫಿ ಒಣಗಿಸುವ ಕಣ ಬಿಟ್ಟುಕೊಟ್ಟಿದ್ದರು.

ಸೆಟ್ ಅಂದರೆ ಇಷ್ಟೇ. ಎರಡು ಗೂಟಕ್ಕೆ ಕಟ್ಟಿದ ಅಮ್ಮನ ಸೀರೆ. ಅದರ ಮುಂದೆ ಒಂದು ಮಣೆ. ಮಣೆಯ ಮೇಲೆ ಗೊಂಬೆ. ಬದಿಯಲ್ಲಿ ಎರಡು ಹಿತ್ತಾಳೆ ಕೊಡ. ಬೆಳಕಿಗೆ ಒಂದು ಎಮರ್ಜೆನ್ಸಿ ಲೈಟು. ಗೊಂಬೆಯ ಕೈಯಿಂದ, ಭುಜದಿಂದ, ತಲೆಯಿಂದ ಹದಿನೆಂಟು ದಾರ ಹೊರಟು ಮುಂದೆ ಕೂತ ಹದಿನೆಂಟು ಮಕ್ಕಳ ಕೈಗೆ. ದಾರದ ಉದ್ದಕ್ಕೂ ಮಡಚಿಟ್ಟ ಹೂಗಳು.

ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಮೊಮ್ಮಗಳು ಕಥೆ ಶುರು ಮಾಡಿದಳು. ಮೊದಲನೇ ಕೊಡದ ನೀರು ಬೋಗುಣಿಗೆ ಬಿದ್ದ ಸದ್ದು. “ಈಗ ಮೆಲ್ಲಗೆ ಕೈ ಎತ್ತಿ!”

ಹದಿನೆಂಟು ಕೈ ಮೇಲೆದ್ದವು. ಹದಿನೆಂಟು ದಾರ ಬಿಗಿಯಾಗಿ ಹೂ ಬಿಚ್ಚಿಕೊಂಡವು. ನಡುವೆ ಗೊಂಬೆ ಕಾಂಡ, ಸುತ್ತ ಮಕ್ಕಳ ತಲೆಯ ಮೇಲೆಲ್ಲ ಕೊಂಬೆ. ಮರ ಎದ್ದು ನಿಂತಿತ್ತು! ಸಿನಿಮಾದವನು ನಾನು, ಕೋಟಿಗಟ್ಟಲೆ ಸುರಿದ ಸೆಟ್ಟುಗಳನ್ನು ನೋಡಿದವನು. ಆದರೂ ಮೈ ಜುಮ್ಮೆಂದಿತು.

ಆಗಲೇ ಅದು ಆದದ್ದು. ಒಬ್ಬ ಹುಡುಗ ಖುಷಿಗೆ ದಾರ ಜಗ್ಗಿಬಿಟ್ಟ. ಟಕ್! ಗೊಂಬೆಯ ಬಲಗೈ ಭುಜದಿಂದ ಸಿಗಿದು ನೇತಾಡಿತು.

ಕೈ ಮುರಿಯಬೇಕಾಗಿದ್ದು ಅರಮನೆ ಸೀನಿನಲ್ಲಿ. ಅದಕ್ಕೆ ಆಕೆ ಎಡಗೈಗೆ ಬೇರೆ ಗೂಟ ಹಾಕಿಟ್ಟಿದ್ದಳು. ಇದು ಅದಲ್ಲ. ಇದು ನಿಜವಾಗಿ ಮುರಿದದ್ದು. ಹುಡುಗನ ಮುಖ ಅಳುವ ಹಾಗಾಯಿತು. ಸೂತ್ರಧಾರಿಣಿಗೆ ಮಾತೇ ಹೊರಡಲಿಲ್ಲ. ಎರಡನೇ ಕೊಡ ಕೈಯಲ್ಲಿ ಹಾಗೇ ಇತ್ತು.

ಹಿಂದಿನಿಂದ ಕೋಲಿನ ಸದ್ದು. ಅಪ್ಪ ಎದ್ದು ಬಂದರು. ಮಡಚದ ಕಾಲನ್ನು ಚಾಚಿ ಮಣೆಯ ಪಕ್ಕ ಕೂತು, ಜೇಬಿನಿಂದ ಹುರಿ ತೆಗೆದರು. “ಯಾರೂ ದಾರ ಬಿಡಬೇಡಿ ಮಕ್ಕಳೇ. ಬಿಟ್ರೆ ಇನ್ನೊಂದು ಕಡೆ ಭಾರ ಬೀಳುತ್ತೆ,” ಅಂದರು. ಸಿಗಿದ ಜಾಗಕ್ಕೆ ಸಿಗಿದದ್ದನ್ನೇ ಕೂಡಿಸಿ, ಸುತ್ತಿ ಸುತ್ತಿ ಕಟ್ಟತೊಡಗಿದರು. ಹತ್ತು ನಿಮಿಷವಾದರೂ ಆಗಿರಬೇಕು. ಹದಿನೆಂಟು ಮಕ್ಕಳು ಎತ್ತಿದ ಕೈ ಇಳಿಸಲಿಲ್ಲ. ಕೈ ನಡುಗುತ್ತಿದ್ದವರಿಗೆ ಹಿಂದೆ ಕೂತ ತಾಯಂದಿರು ಮೊಣಕೈಗೆ ಆಸರೆ ಕೊಟ್ಟರು. ದಾರ ಜಗ್ಗಿದ ಹುಡುಗ ಉಸಿರು ಬಿಗಿಹಿಡಿದು ತನ್ನ ದಾರವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ಹೂಂ, ಸುರಿ,” ಅಂದರು ಅಪ್ಪ.

ಎರಡನೇ ಕೊಡದ ನೀರು ಬಿತ್ತು. ಕೈಗಳು ಕೆಳಗಿಳಿದವು, ಹೂಗಳು ಮಡಚಿಕೊಂಡವು. ಮಣೆಯ ಮೇಲೆ ಹುಡುಗಿ ನಿಂತಿದ್ದಳು, ತೋಳಿಗೊಂದು ಹುರಿಯ ಪಟ್ಟಿ.

ಅಜ್ಜಿ ಮಾತ್ರ ತಕರಾರು ತೆಗೆದರು. “ನಾನು ಹೇಳಿದ್ರಲ್ಲಿ ಗಂಡ ಜೋಡಿಸೋದು.” ಒಂದು ಗಳಿಗೆ ಸುಮ್ಮನಿದ್ದು, “ಹೋಗ್ಲಿ, ಅಪ್ಪ ಜೋಡಿಸಿದ್ರೂ ಜೋಡಿಸಿದ್ದೇ,” ಅಂದರು.

ಅರಮನೆಯ ಕಥೆ ಶುರುವಾಗಬೇಕು, ಅಷ್ಟರಲ್ಲಿ ಘಾಟಿಯ ಕಡೆಯಿಂದ ಮಳೆ ಬಂದೇಬಿಟ್ಟಿತು. ತೊಗಲುಗೊಂಬೆಯೇ ಬೇಕಾಗಲಿಲ್ಲ! ಜನ ಸೀರೆ, ಮಣೆ, ಮಕ್ಕಳನ್ನು ಎತ್ತಿಕೊಂಡು ಓಡಿದರು.

ಬಾಕಿ ಕಥೆ

ಈ ಊರಿಗೂ ಬೆಳ್ಳಿತೆರೆಗೂ ನಂಟು ಇಲ್ಲದ್ದಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದು ಇದೇ ಕೊಟ್ಟಿಗೆಹಾರದಲ್ಲಿ. ಅವರ ಕಥೆಗಳಿಂದ 1973ರ ‘ಅಬಚೂರಿನ ಪೋಸ್ಟಾಫೀಸು’, ಸ್ವರ್ಣಕಮಲ ತಂದ ‘ತಬರನ ಕಥೆ’, 2023ರ ‘ಡೇರ್‌ಡೆವಿಲ್ ಮುಸ್ತಾಫಾ’ವರೆಗೆ ಎಷ್ಟು ಚಿತ್ರಗಳಾದವು! ಇಲ್ಲಿಂದ ಕಥೆಗಳು ಹೊರಗೆ ಹೋಗಿವೆ. ಈಗ ಈ ಹುಡುಗಿಯೂ ಹೋಗುತ್ತಿದ್ದಾಳೆ.

ರಾತ್ರಿ ಬಸ್ ಸ್ಟ್ಯಾಂಡಿಗೆ ಬಿಡಲು ಅಮ್ಮ, ಅಜ್ಜಿ, ಹತ್ತಿಪ್ಪತ್ತು ಮಕ್ಕಳು. ಮಳೆ ಹನಿಯುತ್ತಲೇ ಇತ್ತು. ಕೈಯಲ್ಲಿ ಟ್ರಂಕು ಇರಲಿಲ್ಲ. ಗೊಂಬೆಯ ಭುಜಕ್ಕೆ ಹೊಸ ಗೂಟ ಹಾಕಬೇಕು ಅಂತ ಅಪ್ಪ ಮನೆಯಲ್ಲೇ ಇರಿಸಿಕೊಂಡಿದ್ದರು.

“ಇವತ್ತಿನ ಹಾಗೇ ಇನ್ನೊಂದು ಸಲ ಆಡಿಸ್ತೀರಾ?” ಅಂದೆ.

“ಅಪ್ಪ ಬಂದು ಕಟ್ಟಿದ್ದನ್ನ ಮತ್ತೆ ಮಾಡಿಸಿದ್ರೆ ಅದು ಸುಳ್ಳಾಗುತ್ತೆ ಸರ್. ಆದ್ರೆ ಆ ಹತ್ತು ನಿಮಿಷ ಮಕ್ಕಳು ಕೈ ಎತ್ತಿ ಹಿಡಿದ್ರಲ್ಲ, ಅದು ಬೇಕು. ಅದನ್ನ ಹೇಗೆ ತರೋದು ಅಂತ ಯೋಚನೆ ಮಾಡ್ತಿದೀನಿ.”

ದಾರ ಜಗ್ಗಿದ ಹುಡುಗ ಆಗ ಮುಂದೆ ಬಂದ. “ಅಕ್ಕಾ, ಅವಳು ಅರಮನೆಗೆ ಹೋದ್ಮೇಲೆ ಎಂತಾಯ್ತು?”

“ಬಂದು ತೋರಿಸ್ತೀನಿ.”

“ಈಗ ಬಾಯಲ್ಲಿ ಹೇಳು.”

“ಬಾಯಲ್ಲಿ ಹೇಳಿಬಿಟ್ರೆ ಆಮೇಲೆ ನೀನು ದಾರ ಹಿಡಿಯಕ್ಕೆ ಬರ್ತೀಯಾ?”

ಹುಡುಗ ಅಜ್ಜಿಯ ಕಡೆ ತಿರುಗಿದ. ಮೊಬೈಲು ನೆನಪಿಗೆ ಬಂದ ಹಾಗೆ ಕಾಣಲಿಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆದರೆ ಬಸ್ಸು ಬಂದಾಗ ಮೊಮ್ಮಗಳ ಕಿವಿಯಲ್ಲಿ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು:

“ಹೇಳ್ದೆ ಇಟ್ಕೊಂಡ ಕಥೆ ಇಟ್ಕೊಂಡೋರಿಗೇ ಕಾಟ ಕೊಡುತ್ತೆ ಕಣೇ. ಜಾಸ್ತಿ ದಿನ ಮಾಡ್ಬೇಡ.”

ಬಸ್ಸು ಮಂಜಿನಲ್ಲಿ ಮೂಡಿಗೆರೆಯ ಕಡೆ ಇಳಿಯಿತು. ಓದುಗರೇ, ಮುಂದೆ ಯಾವುದಾದರೂ ಚಿತ್ರದ ಟೈಟಲ್ ಕಾರ್ಡಿನಲ್ಲಿ ಕಲಾ ವಿಭಾಗದ ಸಹಾಯಕರ ಸಣ್ಣ ಅಕ್ಷರಗಳು ಓಡುವಾಗ ಎದ್ದು ಹೋಗಬೇಡಿ. ಅದರಲ್ಲಿ ಈಕೆಯ ಹೆಸರು ಇರಬಹುದು. ಕೊಟ್ಟಿಗೆಹಾರದಲ್ಲಂತೂ ಹದಿನೆಂಟು ಮಂದಿ ಕಾಯುತ್ತಿದ್ದಾರೆ, ಕಥೆ ಇನ್ನೂ ಅರ್ಧ ಇದೆ.